ಆಣೆ ಮುರಿದವನು ಅದೇ ದೇವರನ್ನು ಮತ್ತೆ ನಂಬುವುದು ಹೇಗೆ?

ದೋಣಿಗಾರ, ಕಾರವಾರ

ಎಲ್ಲರಿಗೂ ನಮಸ್ಕಾರ. ಬೈತಖೋಲ ಬಂದರಿನ ಯಾಂತ್ರೀಕೃತ ದೋಣಿಯೊಂದರಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ ನನ್ನದು. ಆಸ್ಪತ್ರೆಯ ಚಿಕಿತ್ಸೆ ಮುಗಿಸಿಕೊಂಡು ಬಂದಂದಿನಿಂದ ಮದ್ಯ ಮುಟ್ಟಿಲ್ಲ. ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘದ ಸಭೆಗೂ ಹೋಗುತ್ತಿದ್ದೇನೆ. ಅಲ್ಲಿಯ ಹನ್ನೆರಡು ಹೆಜ್ಜೆಗಳಲ್ಲಿ ಮೊದಲನೆಯದರ ಬಗ್ಗೆ ನನಗೆ ತಕರಾರಿಲ್ಲ. ಮದ್ಯದ ಮುಂದೆ ನನ್ನ ಬಲ ನಡೆಯುವುದಿಲ್ಲವೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ. ನಮಗಿಂತ ದೊಡ್ಡ ಶಕ್ತಿಯೊಂದು ನಮ್ಮನ್ನು ಮತ್ತೆ ನೆಟ್ಟಗೆ ನಿಲ್ಲಿಸಬಲ್ಲದೆಂದು ನಂಬುವುದು ಎರಡನೆಯ ಹೆಜ್ಜೆ, ಬದುಕನ್ನು ಅದರ ಆರೈಕೆಗೆ ಒಪ್ಪಿಸಲು ನಿರ್ಧರಿಸುವುದು ಮೂರನೆಯ ಹೆಜ್ಜೆ. ನಾನು ನಿಂತುಬಿಟ್ಟಿರುವುದು ಅಲ್ಲಿ.

ನಾನು ನಾಸ್ತಿಕನಲ್ಲ. ದೇವರಿದ್ದಾನೆ ಎಂಬುದೇ ನನ್ನ ತೊಂದರೆ. ಗೋಕರ್ಣದಲ್ಲಿ, ಇಡಗುಂಜಿಯಲ್ಲಿ, ಶಿರಸಿಯ ಮಾರಿಕಾಂಬೆಯ ಎದುರಿನಲ್ಲಿ ಮನೆಯವರು ನನ್ನಿಂದ ಆಣೆ ಮಾಡಿಸಿದ್ದಾರೆ. ಒಂದು ಸಲವೂ ನಾನು ನಾಟಕ ಮಾಡಿದವನಲ್ಲ, ಕಾಯಿ ಮುಟ್ಟಿ ಹೇಳುವಾಗ ಕಣ್ಣಲ್ಲಿ ನೀರು ಬಂದದ್ದು ನಿಜವೇ. ಆದರೂ ಎಲ್ಲ ಆಣೆಗಳೂ ಮುರಿದವು. ಈಗ ಅದೇ ದೇವರ ಕೈಗೆ ನನ್ನನ್ನು ಒಪ್ಪಿಸಿಕೊಳ್ಳಬೇಕೆಂದಾಗ ಪ್ರಾರ್ಥನೆಯ ಮಾತು ಗಂಟಲಲ್ಲೇ ನಿಲ್ಲುತ್ತದೆ. ಅವನು ನನ್ನ ಲೆಕ್ಕ ಇಟ್ಟುಕೊಂಡಿದ್ದಾನೆಂದೇ ಅನಿಸುತ್ತದೆ.

ಜೂನ್ ಒಂದರಿಂದ ಮೀನುಗಾರಿಕೆ ನಿಷೇಧ. ಜುಲೈ ಮುಗಿಯುವವರೆಗೆ ದೋಣಿಗಳು ದಡದಲ್ಲಿರುತ್ತವೆ. ಕೈಯಲ್ಲಿ ಕೆಲಸವಿರುವುದಿಲ್ಲ, ಮಾಜಾಳಿ ದಾಟಿದರೆ ಗೋವಾದ ಅಗ್ಗದ ಮದ್ಯ. ಹಿಂದೆ ನಾನು ಜಾರಿದ್ದು ಹೆಚ್ಚಾಗಿ ಈ ಎರಡು ತಿಂಗಳುಗಳಲ್ಲೇ. ಅದಕ್ಕೆ ಮುಂಚೆ ಇನ್ನೊಂದು ಆಣೆ ಮಾಡಿಸಬೇಕೆಂದು ಅಮ್ಮ ದಿನ ನೋಡಿಸುತ್ತಿದ್ದಾಳೆ. ಅನುಭವಸ್ಥರು ದಯವಿಟ್ಟು ಹೇಳಿ.

ಹಳೇ ಮಾಸ್ತರ, ಶಿರಸಿ

ತಮ್ಮಾ, ನಿನ್ನ ಪ್ರಶ್ನೆಯನ್ನು ಓದಿ ನನಗನಿಸಿದ್ದು ಇಷ್ಟು: ಆಣೆಯೂ ಮೂರನೆಯ ಹೆಜ್ಜೆಯೂ ಒಂದೇ ಎಂದು ನೀನು ತಿಳಿದಿದ್ದೀಯೆ. ಅವೆರಡೂ ಹೆಚ್ಚುಕಡಿಮೆ ವಿರುದ್ಧ ದಿಕ್ಕಿನವು. ಆಣೆ ಮಾಡುವವನು ತನ್ನ ಸಂಕಲ್ಪಕ್ಕೆ ತಾನೇ ಜಾಮೀನು ನಿಲ್ಲುತ್ತಾನೆ, ದೇವರನ್ನು ಸಾಕ್ಷಿಗೆ ಕರೆಯುತ್ತಾನೆ, ತಪ್ಪಿದರೆ ಶಿಕ್ಷೆಯನ್ನೂ ಮೊದಲೇ ಒಪ್ಪಿಕೊಳ್ಳುತ್ತಾನೆ. ಅಂದರೆ ಯಾವ ಸಂಕಲ್ಪಶಕ್ತಿಯನ್ನು ಮದ್ಯ ಆಗಲೇ ತಿಂದುಹಾಕಿದೆಯೋ ಅದನ್ನೇ ಅಡವಿಡುತ್ತಾನೆ. ಮೂರನೆಯ ಹೆಜ್ಜೆಯಲ್ಲಿ ನೀನು ಯಾವುದಕ್ಕೂ ಜಾಮೀನು ನಿಲ್ಲಬೇಕಾಗಿಲ್ಲ. ಇನ್ನು ಕುಡಿಯುವುದಿಲ್ಲ ಎಂಬ ಮಾತು ಆ ಹೆಜ್ಜೆಯಲ್ಲಿ ಇಲ್ಲವೇ ಇಲ್ಲ. ಅಲ್ಲಿರುವುದು, ನನ್ನ ಕೈಯಲ್ಲಿ ಆಗದ್ದನ್ನು ನಾನೊಬ್ಬನೇ ಹೊರುವುದಿಲ್ಲ ಎಂಬ ತೀರ್ಮಾನ ಮಾತ್ರ.

ಶ್ರೀವೈಷ್ಣವರಲ್ಲಿ ಶರಣಾಗತಿಯ ಬಗ್ಗೆ ಹಳೆಯದೊಂದು ವಾದವಿದೆ. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವಚಿಕೊಂಡಿರುತ್ತದೆ, ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಒಯ್ಯುತ್ತದೆ. ಭಕ್ತನು ಯಾವ ಮರಿಯಂತಿರಬೇಕು ಎಂಬುದರ ಮೇಲೆ ವಡಗಲೈ ಮತ್ತು ತೆಂಗಲೈ ಪಂಗಡಗಳು ಶತಮಾನಗಳಿಂದ ಚರ್ಚಿಸುತ್ತ ಬಂದಿವೆ. ನೀನು ಇಲ್ಲಿಯವರೆಗೆ ಮಂಗನ ಮರಿಯಾಗಲು ಹೆಣಗಿದವನು. ಕೈ ಜಾರಿದ್ದಕ್ಕೆ ತಾಯಿ ಸಿಟ್ಟಾಗಿದ್ದಾಳೆಂದು ಈಗ ಹೆದರುತ್ತಿದ್ದೀಯೆ.

ಇನ್ನೊಂದು ವಿಷಯ. ನೀನು ಹೋಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘ ಅಮೆರಿಕದ ಓಹಾಯೋ ಪ್ರಾಂತದ ಆಕ್ರನ್ ಊರಿನಲ್ಲಿ 1935ರಲ್ಲಿ ಹುಟ್ಟಿತು. ಹನ್ನೆರಡು ಹೆಜ್ಜೆಗಳನ್ನೊಳಗೊಂಡ ಸಂಘದ ಪುಸ್ತಕ 1939ರಲ್ಲಿ ಪ್ರಕಟವಾಯಿತು. ಕರಡು ಸಿದ್ಧವಾಗುವಾಗ ದೇವರೆಂಬ ಮಾತಿಗೆ ನಂಬದ ಸದಸ್ಯರು ಆಕ್ಷೇಪಿಸಿದರು, ಜಗಳವೇ ಆಯಿತು. ಅದರ ಫಲವಾಗಿ ‘ನಾವು ಅರಿತುಕೊಂಡಂತೆ’ ಎಂಬ ಮಾತು ಮೂರನೆಯ ಹೆಜ್ಜೆಯಲ್ಲಿ ಸೇರಿತು. ಸಂಸ್ಥಾಪಕರಲ್ಲೊಬ್ಬರಾದ ಬಿಲ್ ವಿಲ್ಸನ್ ಇನ್ನೂ ಕುಡಿಯುತ್ತಿದ್ದ 1934ರ ಕೊನೆಯಲ್ಲಿ, ಹಳೆಯ ಗೆಳೆಯನೊಬ್ಬ ಮನೆಗೆ ಬಂದು, ನಿನಗೆ ಒಪ್ಪುವ ದೇವರ ಕಲ್ಪನೆಯನ್ನು ನೀನೇ ಏಕೆ ಆರಿಸಿಕೊಳ್ಳಬಾರದು ಎಂದು ಕೇಳಿದ್ದನಂತೆ. ಲೆಕ್ಕದ ಪುಸ್ತಕ ಹಿಡಿದು ಕುಳಿತ ದೇವರನ್ನೇ ನಂಬಬೇಕೆಂದು ನಿನಗೆ ಯಾರೂ ಕಟ್ಟುಪಾಡು ಹಾಕಿಲ್ಲ.

ದಾದಿ, ಕುಮಟಾ

ಮಾಸ್ತರರ ಮಾತಿಗೆ ಮೊದಲು ದೇಹದ ಮಾತೊಂದನ್ನು ಸೇರಿಸುತ್ತೇನೆ. ಈ ಚರ್ಚೆಯನ್ನು ಇನ್ನೂ ಕುಡಿಯುತ್ತಿರುವವರೂ ಓದುತ್ತಾರೆ. ವರ್ಷಗಟ್ಟಲೆ ದಿನವೂ ಕುಡಿದವರು ದೇವರ ಮೇಲೆ ಭಾರ ಹಾಕಿ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬಾರದು. ಕೊನೆಯ ಗುಟುಕಿನ ನಂತರ ಕೆಲವೇ ಗಂಟೆಗಳಲ್ಲಿ ಕೈ ನಡುಗಲು ಶುರುವಾಗುತ್ತದೆ, ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವ, ಊರು-ದಿನಗಳ ಪರಿವೆ ತಪ್ಪುವ ಸನ್ನಿ ಹಿಡಿಯಬಹುದು. ನಮ್ಮ ಕಡೆ ಅದನ್ನು ಗಾಳಿ ಸೋಕಿದೆಯೆಂದು ತಿಳಿದು ನೋಟ ಕೇಳಿಸಲು ಒಯ್ಯುವವರಿದ್ದಾರೆ. ಅದು ಪ್ರಾಣಕ್ಕೆ ಅಪಾಯವಿರುವ ಸ್ಥಿತಿ. ಥಯಾಮಿನ್ ಎಂಬ ಬಿ1 ಜೀವಸತ್ವ, ನಡುಕ ತಗ್ಗಿಸುವ ಔಷಧ ಮತ್ತು ಆಸ್ಪತ್ರೆಯ ಹಾಸಿಗೆ ಬೇಕು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಮನೋಚೈತನ್ಯ ಕಾರ್ಯಕ್ರಮವಿದೆ, ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ.

ನನಗೆ ವೈಯಕ್ತಿಕವಾಗಿ ದೇವರಲ್ಲಿ ನಂಬಿಕೆಯಿಲ್ಲ. ಆದರೂ ರೋಗಿಗಳಿಗೆ ಈ ಸಭೆಗಳನ್ನು ಸೂಚಿಸುತ್ತೇನೆ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕೊಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನೂ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನೂ ಒಳಗೊಂಡ ಪರಾಮರ್ಶೆಯೊಂದನ್ನು ಪ್ರಕಟಿಸಿತು. ರೋಗಿಯನ್ನು ಕ್ರಮವಾಗಿ ಈ ಸಭೆಗಳತ್ತ ನಡೆಸುವ ಚಿಕಿತ್ಸೆಯು, ಪೂರ್ತಿಯಾಗಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ, ಇತರ ಮನೋಚಿಕಿತ್ಸೆಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಅದರ ಮುಖ್ಯ ತೀರ್ಮಾನ. ಹೇಗೆ ಎಂದು ಹುಡುಕಿದ ಸಂಶೋಧಕರಿಗೆ ಕಂಡದ್ದು ಬಹುಮಟ್ಟಿಗೆ ಒಡನಾಟದ ಬದಲಾವಣೆ: ಕುಡಿಯುವ ಗೆಳೆಯರು ಕಡಿಮೆಯಾಗುತ್ತಾರೆ, ಕುಡಿಯದ ಗೆಳೆಯರು ಹೆಚ್ಚುತ್ತಾರೆ. ಕುಡಿತದ ಚಟ ತೀವ್ರವಾಗಿದ್ದವರಲ್ಲಿ ಆಧ್ಯಾತ್ಮಿಕತೆಯ ಪಾಲೂ ಕಾಣಿಸಿತು ಎಂಬುದನ್ನು, ನನಗೆ ಇಷ್ಟವಿರಲಿ ಇಲ್ಲದಿರಲಿ, ಹೇಳಲೇಬೇಕು. ದೋಣಿಗಾರರೇ, ದೊಡ್ಡ ಶಕ್ತಿಯೆಂದರೆ ಸದ್ಯಕ್ಕೆ ಆ ಕೋಣೆಯಲ್ಲಿ ಕುಳಿತ ಜನವೇ ಎಂದುಕೊಂಡರೂ ನಡೆಯುತ್ತದೆ. ನೀವೊಬ್ಬರೇ ಮಾಡಲಾಗದ್ದನ್ನು ಅವರು ಕೂಡಿ ಮಾಡಿದ್ದಾರೆ, ಅದು ಕಣ್ಣಿಗೆ ಕಾಣುವ ಸಂಗತಿ.

ಬೇಲೇಕೇರಿಯವ, ಅಂಕೋಲಾ

ಆಣೆಯನ್ನು ಇಷ್ಟು ಹಗುರವಾಗಿ ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ. ನಾನು ಕುಡಿತ ಬಿಟ್ಟದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಮೂಲಕ ನಡೆಸುವ ಮದ್ಯವರ್ಜನ ಶಿಬಿರದಲ್ಲಿ. ಬೆಳಿಗ್ಗೆ ವ್ಯಾಯಾಮ, ಭಜನೆ, ಕೌಟುಂಬಿಕ ಸಲಹೆ, ಕೊನೆಯಲ್ಲಿ ಮಂಜುನಾಥ ಸ್ವಾಮಿಯ ಹೆಸರಿನಲ್ಲಿ ಸಂಕಲ್ಪ. ಮಂಜುನಾಥನ ಆಣೆಯೆಂದರೆ ನಮ್ಮ ಕರಾವಳಿಯಲ್ಲಿ ಸಣ್ಣ ಮಾತಲ್ಲ; ಜಮೀನಿನ ತಕರಾರುಗಳೇ ಆ ಹೆಸರಿನಲ್ಲಿ ಇತ್ಯರ್ಥವಾಗುತ್ತವೆ. ಮೊದಲ ತಿಂಗಳುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಭಯವೇ. ಅದರಲ್ಲಿ ನಾಚಿಕೆಯೇನಿದೆ?

ಊರಿನ ಶಕ್ತಿಯೂ ಇದೆ. ನಮ್ಮ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಲಕ್ಕಿ ಹಾಡುಗಳಿಗಾಗಿ ಎಂದು ಹೊರಗಿನವರು ತಿಳಿದಿದ್ದಾರೆ; ಸಾರಾಯಿಯ ವಿರುದ್ಧ ಅವರು ಹೆಂಗಸರನ್ನು ಕಟ್ಟಿಕೊಂಡು ನಿಂತದ್ದನ್ನು ಈ ಕಡೆಯವರು ಬಲ್ಲರು. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಕೊಟ್ಟೆ ಸಾರಾಯಿ ಅಂಗಡಿಗಳಿಂದ ಹೋಯಿತು, ನಮ್ಮಂಥವರು ಕ್ವಾರ್ಟರ್ ಬಾಟಲಿಗೆ ಹೊರಳಿದೆವು ಅಷ್ಟೇ.

ಹಳೇ ಮಾಸ್ತರ, ಶಿರಸಿ

ಬೇಲೇಕೇರಿಯವರೇ, ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ನಿಮ್ಮ ಶಿಬಿರದಲ್ಲಿ ಸಂಕಲ್ಪದ ಜೊತೆಗೆ ಬೇರೆ ಏನೇನಿತ್ತೆಂದು ನೀವೇ ಬರೆದಿದ್ದೀರಿ: ಹತ್ತಾರು ಜನ ಒಟ್ಟಿಗೆ ಇದ್ದರು, ಮನೆಯವರೂ ಸಲಹೆಯಲ್ಲಿ ಸೇರಿಕೊಂಡರು, ಮುಗಿದ ಮೇಲೆ, ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಯ ಕೂಟಗಳಿಗೂ ನೀವು ಹೋಗಿರಬೇಕು. ಭಯ ಕೆಲಸ ಮಾಡಿದ್ದು ಆ ಕೂಟದ ನಡುವೆ. ಈ ತಮ್ಮನಿಗಾದದ್ದು ಬೇರೆ. ಬೆಳಿಗ್ಗೆ ಗರ್ಭಗುಡಿಯ ಮುಂದೆ ನಿಲ್ಲಿಸಿದರು, ಸಂಜೆ ಬಸ್ಸಿನಲ್ಲಿ ಮನೆಗೆ ಕರೆತಂದರು, ಮರುದಿನದಿಂದ ಅವನೂ ಅವನ ಆಣೆಯೂ ಇಬ್ಬರೇ.

ದಾದಿ, ಕುಮಟಾ

ಭಯದ ಬಗ್ಗೆ ಒಂದು ಮಾತು. ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ 1980ರ ದಶಕದಲ್ಲಿ ಮರುಕಳಿಕೆಯನ್ನು ಅಧ್ಯಯನ ಮಾಡಿ ವಿವರಿಸಿದ್ದು ಇದನ್ನೇ. ಸಂಪೂರ್ಣವಾಗಿ ಬಿಡುತ್ತೇನೆಂದು ಪ್ರತಿಜ್ಞೆ ಮಾಡಿದವನು ಒಂದು ಗ್ಲಾಸು ಕುಡಿದಾಗ, ಆ ಗ್ಲಾಸಿಗಿಂತ ಅದರ ಹಿಂದೆ ಬರುವ ಅಪರಾಧಭಾವವೇ ಹೆಚ್ಚು ಹಾನಿ ಮಾಡುತ್ತದೆ. ಹೇಗೂ ಕೆಟ್ಟೆ, ಇನ್ನು ಉಳಿಸಿಕೊಳ್ಳುವುದೇನಿದೆ ಎಂದು ಅವನು ಬಾಟಲಿ ಮುಗಿಸುತ್ತಾನೆ. ದೇವರ ಆಣೆ ಮುರಿದವನಿಗೆ ಆ ಅಪರಾಧಭಾವ ಇಮ್ಮಡಿಯಾಗಿರುತ್ತದೆ. ಆಣೆ ನಿಂತವರಿಗೆ ನಿಂತಿತು, ಒಳ್ಳೆಯದೇ ಆಯಿತು. ಮುರಿದವರಿಗೆ ಅದನ್ನೇ ಮತ್ತೆ ಬರೆದುಕೊಡಬಾರದು.

ಶರಾವತಿ ದಂಡೆ, ಹೊನ್ನಾವರ

ನಾನು ಕುಡಿದವಳಲ್ಲ, ಕುಡಿಯುವವನ ಹೆಂಡತಿಯಾಗಿದ್ದವಳು. 1951ರಲ್ಲಿ ಬಿಲ್ ವಿಲ್ಸನ್ನರ ಪತ್ನಿ ಲೋಯಿಸ್ ಮತ್ತು ಅವರ ಗೆಳತಿಯೊಬ್ಬರು ಕೂಡಿ ಕುಟುಂಬದವರಿಗಾಗಿ ಆರಂಭಿಸಿದ ಅಲ್-ಅನಾನ್ ಕೂಟದಲ್ಲಿ ನಾನೂ ಇದ್ದೇನೆ. ಅಲ್ಲಿಯೂ ಹೆಜ್ಜೆಗಳು ಅವೇ.

ದೇವರಿಗೆ ಒಪ್ಪಿಸಿದ್ದೇನೆ ಎಂಬ ಮಾತನ್ನು ನಾನು ಬೇರೆ ರೀತಿಯಲ್ಲಿ ಕೇಳಿದವಳು. ಸೊಸೈಟಿಯ ಸಾಲದ ಕಂತು ಕಟ್ಟಲಿಲ್ಲವೇ ಎಂದರೆ ದೇವರು ನೋಡಿಕೊಳ್ಳುತ್ತಾನೆ. ಮಗಳ ಫೀಸಿನ ಕೊನೆಯ ದಿನವೆಂದರೆ ಅವನ ಇಚ್ಛೆ ಇದ್ದಂತಾಗಲಿ. ಯಜಮಾನರು ಕುಡಿತ ಬಿಟ್ಟ ಮೇಲೂ ಕೆಲವು ಕಾಲ ಈ ಮಾತು ಬಿಡಲಿಲ್ಲ. ಭಜನೆಗೆ ತಪ್ಪದೆ ಹೋಗುತ್ತಿದ್ದರು, ಮನೆಯ ರೇಷನ್ ಕಾರ್ಡ್ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಮಾಸ್ತರರೇ, ನಿಮ್ಮ ಬೆಕ್ಕಿನ ಮರಿಯ ಮಾತು ಚೆಂದವಾಗಿದೆ, ಆದರೆ ಅದು ಇಂಥವರ ಕೈಗೆ ಸಿಕ್ಕರೆ ಹೆಂಡತಿಯ ಪಾಲಿಗೆ ಇನ್ನೊಂದು ಹೊರೆ. ಎಂಟನೆಯ ಮತ್ತು ಒಂಬತ್ತನೆಯ ಹೆಜ್ಜೆಗಳಲ್ಲಿ ನೋಯಿಸಿದವರ ಪಟ್ಟಿ ಮಾಡಬೇಕು, ಸಾಧ್ಯವಾದಲ್ಲೆಲ್ಲ ಅವರಿಗಾದ ನಷ್ಟವನ್ನು ತಾನೇ ಹೋಗಿ ಸರಿಪಡಿಸಬೇಕು ಎಂದಿದೆ. ಆ ಕೆಲಸವನ್ನು ದೇವರು ಮಾಡಿಕೊಡುವುದಿಲ್ಲ. ದೋಣಿಗಾರಣ್ಣ, ಒಪ್ಪಿಸುವುದಾದರೆ ಕುಡಿಯಬೇಕೆಂಬ ಹಂಬಲವನ್ನೂ ನಾಳೆಯ ಚಿಂತೆಯನ್ನೂ ಒಪ್ಪಿಸಿ. ಕಂತನ್ನು ನೀವೇ ಕಟ್ಟಿ.

ಹಳೇ ಮಾಸ್ತರ, ಶಿರಸಿ

ತಂಗೀ, ಒಪ್ಪಿದೆ. ಮೂರನೆಯ ಹೆಜ್ಜೆಯ ಮುಂದೆ ಇನ್ನೂ ಒಂಬತ್ತು ಹೆಜ್ಜೆಗಳಿವೆ, ಅವುಗಳಲ್ಲಿ ಹೆಚ್ಚಿನವು ಕೈಕಾಲು ಆಡಿಸುವಂಥವೇ. ಅದನ್ನು ನಾನು ಮೊದಲೇ ಬರೆಯಬೇಕಿತ್ತು.

ದೋಣಿಗಾರ, ಕಾರವಾರ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ದಾದಿ ಅಕ್ಕನವರು ಹೇಳಿದಂತೆ ಸಭೆಯ ಜನರನ್ನು ನಂಬುವುದು ನನಗೆ ಸುಲಭ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಸಭೆ ಇರುವುದಿಲ್ಲ. ಇನ್ನೊಂದು ತೊಡಕೂ ಇದೆ, ಹೇಳಲು ಸಂಕೋಚ. ನಮ್ಮ ಮನೆಯವರು ಮೊದಲಿನಿಂದಲೂ ಕೋಡಿಬಾಗದ ಖಾಪ್ರಿ ದೇವರಿಗೆ ನಡೆದುಕೊಳ್ಳುವವರು. ಅಲ್ಲಿ ಮದ್ಯ, ಬೀಡಿ, ಮೇಣದಬತ್ತಿ ಅರ್ಪಿಸುವ ರೂಢಿಯೆಂದು ಕಾರವಾರದವರಿಗೆಲ್ಲ ಗೊತ್ತು. ಕುಡಿತದಿಂದ ಪಾರುಮಾಡು ಎಂದು ಕೇಳಲು ಮದ್ಯದ ಬಾಟಲಿ ಹಿಡಿದು ಹೋಗಬೇಕಾದವನು ನಾನು. ಯಾರೂ ನಗಬಾರದು.

ಕೋಡಿಬಾಗದವಳು

ನಗುವಂಥದ್ದೇನೂ ಇಲ್ಲ, ಅಣ್ಣ. ನನ್ನ ತಮ್ಮನಿಗೂ ಇದೇ ತೊಡಕಿತ್ತು. ಅವನು ಚಿಕಿತ್ಸೆ ಪಡೆದು ಬಂದ ವರ್ಷ ಮನೆಯ ಹಿರಿಯರೆಲ್ಲ ಕುಳಿತು ಮಾತಾಡಿದೆವು. ಮನೆತನದ ಪಾಲಿನ ಸೇವೆಯನ್ನು ದೊಡ್ಡಪ್ಪನ ಮಗ ಮಾಡುವುದು, ಬಾಟಲಿಯನ್ನು ಕೊಳ್ಳುವುದೂ ಒಯ್ಯುವುದೂ ಅವನದೇ, ತಮ್ಮ ಬೇರೆ ಹೊತ್ತಿನಲ್ಲಿ ಹೋಗಿ ಮೇಣದಬತ್ತಿ ಹಚ್ಚಿ ಬರುವುದು ಎಂದು ತೀರ್ಮಾನವಾಯಿತು. ದೇವರಿಗೆ ಏನು ಸಲ್ಲಬೇಕೋ ಅದು ಸಲ್ಲುತ್ತಿದೆ. ಅಜ್ಜಿ ಮಾತ್ರ ಆರಂಭದಲ್ಲಿ ಗೊಣಗಿದರು. ಆಗ ಅಪ್ಪ, ಹಡಗಿನವರು, ನದಿ ದಾಟುವವರು ನೆನೆಯುತ್ತ ಬಂದ ದೇವರಿಗೆ ನಮ್ಮ ಹುಡುಗನ ಕಷ್ಟ ತಿಳಿಯದೇ ಎಂದು ಕೇಳಿದರು. ಅಲ್ಲಿಗೆ ಆ ಮಾತು ನಿಂತಿತು. ನಿಮ್ಮ ಮನೆಯಲ್ಲಿ ಹೇಗೋ ನಾನರಿಯೆ, ಆದರೆ ಕೇಳದೆಯೇ ಹೆದರಿ ಕೂರಬೇಡಿ.

ಹಳೇ ಮಾಸ್ತರ, ಶಿರಸಿ

ರಾತ್ರಿ ಎರಡು ಗಂಟೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಇಡೀ ವಿಷಯದ ತಿರುಳಿರುವುದು ಅಲ್ಲಿ. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ವ್ಯಾಪಾರದ ಕೆಲಸಕ್ಕೆಂದು ಆಕ್ರನ್‌ಗೆ ಹೋಗಿದ್ದರು. ಕುಡಿತ ಬಿಟ್ಟು ಐದಾರು ತಿಂಗಳಾಗಿತ್ತಷ್ಟೇ. ಹೋದ ಕೆಲಸ ಕೆಟ್ಟಿತು, ಜೇಬಿನಲ್ಲಿ ಹಣವಿರಲಿಲ್ಲ, ಇಳಿದುಕೊಂಡಿದ್ದ ಹೋಟೆಲಿನ ಪಡಸಾಲೆಯ ಒಂದು ತುದಿಯಲ್ಲಿ ಬಾರು ತೆರೆದಿತ್ತು. ಅದಕ್ಕೆ ಮುಂಚೆ ಆಸ್ಪತ್ರೆಯಲ್ಲಿದ್ದಾಗ ಅವರಿಗೆ ದೊಡ್ಡ ಬೆಳಕು ಕಂಡ ಅನುಭವವಾಗಿತ್ತು. ಆದರೆ ಆ ಸಂಜೆ ಅವರು ಆ ಬೆಳಕಿನ ನೆನಪಿನ ಮೇಲೆ ಭಾರ ಹಾಕಿ ಕೂರಲಿಲ್ಲ. ಪಡಸಾಲೆಯಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಫೋನು ಮಾಡಿದರು, ತನ್ನಂತೆಯೇ ಕುಡಿತದಲ್ಲಿ ಸಿಕ್ಕಿದವನೊಬ್ಬನ ಜೊತೆ ಮಾತಾಡಬೇಕು ಎಂದರು. ಹಾಗೆ ಹುಡುಕಿದಾಗ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಬಾಬ್ ಕೊನೆಯ ಸಲ ಕುಡಿದ ಜೂನ್ 10ನ್ನೇ ಸಂಘ ತನ್ನ ಹುಟ್ಟಿದ ದಿನವೆಂದು ಇಟ್ಟುಕೊಂಡಿದೆ.

ನಂಬಿಕೆ ಮೊದಲು ಬಂದು ಆಮೇಲೆ ನಡತೆ ಬರುತ್ತದೆಂದು ನಾವು ತಿಳಿಯುತ್ತೇವೆ. ನಾನು ಕಂಡವರಲ್ಲಿ ಬಹುತೇಕರಿಗೆ ಅದು ತಿರುವುಮುರುವಾಗಿಯೇ ಬಂದಿದೆ. ಬೆಳಿಗ್ಗೆ ಎದ್ದು, ಇವತ್ತೊಂದು ದಿನ ನೋಡಿಕೋ ಎಂದು ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆಯೇ ಹೇಳಿದರು. ರಾತ್ರಿ ಮಲಗುವಾಗ, ಆಯಿತಲ್ಲ ಎಂದರು. ಮಳೆ ಬಂದ ದಿನವೂ ಸಭೆಗೆ ಹೋದರು, ಹೊಸಬನಿಗೆ ಚಹಾ ಕೊಟ್ಟರು. ಹಾಗೆ ತಿಂಗಳುಗಳು ಕಳೆದ ಮೇಲೊಂದು ದಿನ, ಹೆದರಿಕೆ ಸ್ವಲ್ಪ ತಗ್ಗಿದೆಯೆಂದು ಅವರ ಹೆಂಡಂದಿರು ಗುರುತಿಸಿದರು. ಸಂಘದ ಪುಸ್ತಕಕ್ಕೂ 1941ರ ಮರುಮುದ್ರಣದಲ್ಲಿ ಇದೇ ಅರ್ಥದ ಅನುಬಂಧವೊಂದನ್ನು ಸೇರಿಸಬೇಕಾಯಿತು, ಏಕೆಂದರೆ ಎಲ್ಲರಿಗೂ ಬಿಲ್ಲರಂತೆ ಒಮ್ಮೆಲೇ ಬೆಳಕು ಕಾಣಬೇಕೆಂದು ಓದುಗರು ತಿಳಿದುಬಿಟ್ಟಿದ್ದರು. ಹೆಚ್ಚಿನವರಲ್ಲಿ ಬದಲಾವಣೆ ನಿಧಾನವಾಗಿ, ಕಲಿಕೆಯ ರೀತಿಯಲ್ಲಿ ಬರುತ್ತದೆಂದು ಅಲ್ಲಿ ಹೇಳಿದ್ದಾರೆ.

ದೇವರು ಲೆಕ್ಕ ಇಟ್ಟಿದ್ದಾನೆಂದು ಬರೆದಿದ್ದೆಯಲ್ಲ, ಆ ಲೆಕ್ಕವನ್ನು ಐದನೆಯ ಹೆಜ್ಜೆಯಲ್ಲಿ ಇನ್ನೊಬ್ಬ ಮನುಷ್ಯನ ಮುಂದೆ ಬಾಯಿಬಿಟ್ಟು ಓದಬೇಕಾಗುತ್ತದೆ. ಮುರಿದ ಆಣೆಗಳನ್ನೂ ಅಲ್ಲಿ ಸೇರಿಸು. ಕೇಳಿದವನು ಎದ್ದು ಹೋಗುವುದಿಲ್ಲ ಎಂಬುದನ್ನು ಒಮ್ಮೆ ಕಂಡ ಮೇಲೆ, ದೇವರೂ ಎದ್ದು ಹೋಗಲಾರನೆಂಬುದು ಹೊಳೆಯಲು ದಾರಿಯಾಗುತ್ತದೆ.

ದಾದಿ, ಕುಮಟಾ

ಮಾಸ್ತರರ ಕೊನೆಯ ವಾಕ್ಯವನ್ನು ನಾನು ಬೇರೆ ರೀತಿಯಲ್ಲಿ ಹೇಳುತ್ತಿದ್ದೆ, ಇರಲಿ. ದೋಣಿಗಾರರೇ, ಮನೆಯವರು ಆಣೆಗೆ ಅಷ್ಟು ಆತುರಪಡುತ್ತಿದ್ದಾರೆಂದರೆ ಊಟದಲ್ಲಿ ಗುಟ್ಟಾಗಿ ಮಾತ್ರೆ ಬೆರೆಸುವ ಯೋಚನೆಯೂ ಇರಬಹುದು, ಕೇಳಿ ನೋಡಿ. ಡೈಸಲ್ಫಿರಾಮ್ ಎಂಬ ಆ ಮಾತ್ರೆ ದೇಹದಲ್ಲಿರುವಾಗ ಮದ್ಯ ಸೇರಿದರೆ ಎದೆಬಡಿತ, ವಾಂತಿ, ರಕ್ತದೊತ್ತಡದ ಕುಸಿತ ಉಂಟಾಗಿ ಜೀವಕ್ಕೇ ಕುತ್ತು ಬರಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಉಳಿಯಬಹುದು. ರೋಗಿಗೆ ತಿಳಿಸಿ, ವೈದ್ಯರ ನಿಗಾದಲ್ಲಿ ಕೊಡುವ ಔಷಧ ಅದು. ಗುಟ್ಟಾಗಿ ಕೊಟ್ಟರೆ ಮನೆಯ ಅನ್ನದ ಮೇಲಿನ ನಂಬಿಕೆಯೂ ಹೋಗುತ್ತದೆ.

ದೋಣಿಗಾರ, ಕಾರವಾರ

ಮಾತ್ರೆಯ ಬಗ್ಗೆ ಅಮ್ಮನನ್ನು ಕೇಳಿದೆ. ಯಾರೋ ಹೇಳಿದ್ದರಂತೆ, ತಂದಿಲ್ಲ ಎಂದಳು. ಆದರೆ ಗೋಕರ್ಣಕ್ಕೆ ಹೋಗುವುದನ್ನು ಬಿಡಲು ಒಪ್ಪುತ್ತಿಲ್ಲ. ಆಣೆ ಬೇಡವೆಂದರೆ ಕುಡಿಯುವ ಮನಸ್ಸಿದೆಯೆಂದು ತಿಳಿಯುತ್ತಾಳೆ. ಅವಳಿಗೆ ಹೇಗೆ ಹೇಳಲಿ?

ಶರಾವತಿ ದಂಡೆ, ಹೊನ್ನಾವರ

ಬೇಡವೆಂದು ಹೇಳಬೇಡಿ, ಅಮ್ಮನ ಜೊತೆ ಹೋಗಿಬನ್ನಿ. ಪೂಜೆ ಮಾಡಿಸಿ, ಪ್ರಸಾದ ತೆಗೆದುಕೊಳ್ಳಿ, ಆಣೆಯ ಮಾತು ಬಂದಾಗ ಮಾತ್ರ, ಈ ಸಲ ಕೇಳಿಕೊಳ್ಳಲು ಬಂದಿದ್ದೇನೆ, ಮಾತು ಕೊಡಲು ಬಂದಿಲ್ಲ ಎನ್ನಿ. ತಾಯಂದಿರಿಗೆ ಆಣೆ ಬೇಕಾಗುವುದು ನಿಮ್ಮ ಮೇಲಿನ ಅಪನಂಬಿಕೆಗಿಂತ ಹೆಚ್ಚಾಗಿ, ತಮ್ಮ ಕೈಯಲ್ಲಿ ಬೇರೇನೂ ಇಲ್ಲ ಎಂಬ ಅಸಹಾಯಕತೆಗೆ. ಅವರ ಕೈಗೊಂದು ಕೆಲಸ ಕೊಡಿ. ನೀವು ಸಂಜೆ ಮಾತಾಡದೆ ಕೂತರೆ ಯಾರಿಗೆ ಫೋನು ಮಾಡಬೇಕೆಂದು ಹೆಸರು, ನಂಬರ್ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಸಾಧ್ಯವಾದರೆ ನಮ್ಮ ಕೂಟಕ್ಕೂ ಒಮ್ಮೆ ಕರೆದುಕೊಂಡು ಬನ್ನಿ, ನನ್ನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.

ದೋಣಿಗಾರ, ಕಾರವಾರ

ಹಾಗೆಯೇ ಮಾಡುತ್ತೇನೆ, ಅಕ್ಕ. ನಿಷೇಧದ ತಿಂಗಳುಗಳಲ್ಲಿ ಬಲೆ ಹೊಲಿಯುವ ಶೆಡ್ಡಿನಲ್ಲಿ ಸಂಜೆಯಾದರೆ ಬಾಟಲಿ ತೆರೆಯುತ್ತಾರೆ. ಮಧ್ಯಾಹ್ನದವರೆಗೆ ಮಾತ್ರ ಕೆಲಸಕ್ಕೆ ಬರುತ್ತೇನೆಂದು ಮಾಲೀಕರಿಗೆ ಹೇಳಿದೆ, ಒಪ್ಪಿದ್ದಾರೆ. ಮಾಸ್ತರರೇ, ಜೂನ್ ಒಂದರಿಂದ ದಿನವೂ ಬೆಳಿಗ್ಗೆ ನಿಮಗೆ ಫೋನು ಮಾಡಬಹುದೇ?

ಹಳೇ ಮಾಸ್ತರ, ಶಿರಸಿ

ಹಾಲು ಕರೆದು ಮುಗಿದ ಮೇಲೆ, ಆರೂವರೆಗೆ ಮಾಡು. ಆದರೆ ಮಳೆ ಹಿಡಿದರೆ ನಮ್ಮ ಕಡೆ ಕರೆಂಟು ಹೋಗುತ್ತದೆ, ಟವರು ಬಿದ್ದು ಎರಡು ಮೂರು ದಿನ ಫೋನು ತಾಗದಿರುವುದೂ ಉಂಟು. ಅದಕ್ಕಾಗಿ ನಿನ್ನ ಸಭೆಯಲ್ಲಿ ಕಾರವಾರದವರೇ ಆದ ಇನ್ನೊಬ್ಬರನ್ನು ಈಗಲೇ ಕೇಳಿಟ್ಟುಕೋ, ನಡೆದುಹೋಗುವಷ್ಟು ದೂರದಲ್ಲಿ ಮನೆಯಿರುವವರಾದರೆ ಒಳ್ಳೆಯದು.